ಆರೋ, ಒಂಬತ್ತೋ? ಹಳೆಯ ಸಮಾಧಿಗಳ ನಡುವೆ ಹಿರಿಯರನ್ನು ಹುಡುಕುವ ಬಗೆ

ನಾನು ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವಳು. ಹಾಗಾಗಿ ಈ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮಂಗಳೂರಿನಲ್ಲಿರುವ ನಮ್ಮ ಮುತ್ತಜ್ಜನ ಸಮಾಧಿ ಕಲ್ಲಿನಲ್ಲಿ ೧೮೬೯ ಎಂದು ಓದಿ, ಅದನ್ನೇ ಕುಟುಂಬದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿ, ಎಪ್ಪತ್ತು ಪ್ರತಿ ಹಂಚಿದೆ. ಅವರ ಮಗ, ಅಂದರೆ ನಮ್ಮ ಅಜ್ಜ, ಹುಟ್ಟಿದ್ದು 1888ರಲ್ಲಿ ಎಂದು ಮುಂದಿನ ಪುಟದಲ್ಲೇ ಇತ್ತು. ಅಪ್ಪ ತೀರಿಕೊಂಡು ಹತ್ತೊಂಬತ್ತು ವರ್ಷದ ಮೇಲೆ ಮಗ ಹುಟ್ಟಿದ್ದು ನನ್ನ ಕಣ್ಣಿಗೂ ಬೀಳಲಿಲ್ಲ, ಎಪ್ಪತ್ತು ಮನೆಯವರ ಕಣ್ಣಿಗೂ ಬೀಳಲಿಲ್ಲ. ಕಂಡುಹಿಡಿದವಳು ಒಂಬತ್ತನೇ ಕ್ಲಾಸಿನಲ್ಲಿದ್ದ ತಮ್ಮನ ಮೊಮ್ಮಗಳು.

ಕಲ್ಲಿನಲ್ಲಿದ್ದದ್ದು ೧೮೯೬. ಕನ್ನಡದ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸವೆಲ್ಲ ಬಾಲ ಎತ್ತ ತಿರುಗಿದೆ ಎಂಬುದರಲ್ಲಿ. ನೂರು ಮಳೆಗಾಲ ಕಂಡ ಕಲ್ಲಿನಲ್ಲಿ ಮೊದಲು ಸವೆಯುವುದು ಆ ಬಾಲವೇ. ೧ರ ತುದಿ ಪಾಚಿಯಿಂದ ಮುಚ್ಚಿಹೋದರೆ ಅದು ೦ ಆಗುತ್ತದೆ. ಕರಾವಳಿಯ ಹಳೆಯ ಪ್ರಾಟೆಸ್ಟಂಟ್ ಸಮಾಧಿಗಳಲ್ಲಿ ಕನ್ನಡ ಅಂಕಿ ಇದ್ದರೆ ಇಸವಿಯನ್ನು ಒಂದೇ ಸಲ ನೋಡಿ ನಂಬಬೇಡಿ.

ಈಗ ಹುಡುಕುವ ಕ್ರಮ. ನಾನು ಹೇಳುವುದು ಮುಖ್ಯವಾಗಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಸಭೆಗಳಿಂದ ಬಂದ ಕುಟುಂಬಗಳಿಗೆ, ಯಾಕೆಂದರೆ ನನಗೆ ಗೊತ್ತಿರುವುದು ಅದು. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡ, ಹುಬ್ಬಳ್ಳಿಗಳಲ್ಲಿ ಅದರ ಠಾಣೆಗಳಾದದ್ದು ಆ ದಶಕ ಮುಗಿಯುವುದರೊಳಗೆ. ಅಂದರೆ ದೇವಾಲಯದ (ನಾವು ಚರ್ಚಿಗೆ ಹಾಗೆನ್ನುವುದು) ದಾಖಲೆ ಹಿಡಿದು ಹೋದರೆ ಹೆಚ್ಚೆಂದರೆ ಆರೇಳು ತಲೆಮಾರು. ಕೆಥೊಲಿಕರ ಕಥೆ ಬೇರೆ. ಅವರ ಇಗರ್ಜಿಗಳು, ಅಂದರೆ ಚರ್ಚುಗಳು, ಬಹಳ ಹಳೆಯವು, ಮಂಗಳೂರಿನ ರೊಸಾರಿಯೊ 1568ರದು. ಆದರೆ 1784ರಲ್ಲಿ ಟಿಪ್ಪು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. ಅದಕ್ಕಿಂತ ಹಿಂದಿನ ಪುಸ್ತಕ ಸಿಗುತ್ತದೆಂದು ನೆಚ್ಚಿಕೊಂಡು ಹೊರಡಬೇಡಿ.

ಸ್ಮಶಾನಕ್ಕೆ ಹೋಗುವ ಮೊದಲು ಮನೆಯ ಅತಿ ಹಿರಿಯರ ಹತ್ತಿರ ಕೂತುಕೊಳ್ಳಿ. ನನಗೆ ಸಿಕ್ಕಿದ್ದು ಎಂಬತ್ತೆಂಟರ ದೊಡ್ಡಮ್ಮ. "ಎಂತ ಮಾರಾಯ್ತಿ, ಮಲಗಿದವರನ್ನು ಎಬ್ಬಿಸಿ ನಿನಗೆ ಎಂತ ಆಗಬೇಕು?" ಎಂದು ಶುರುಮಾಡಿದವರು ಮೂರು ಮಧ್ಯಾಹ್ನ ಮಾತಾಡಿದರು. ಅಂಥವರಿಗೆ ಇಸವಿ ಕೇಳಬೇಡಿ, ಯಾವುದಕ್ಕಿಂತ ಮುಂಚೆ, ಯಾವುದರ ನಂತರ ಎಂದು ಕೇಳಿ. "ಮಾರಿಬೊಳ್ಳಕ್ಕೆ ನನ್ನ ಅಕ್ಕ ಮೊಲೆ ಕುಡಿಯುವ ಮಗು" ಎಂದರು. ಮಾರಿಬೊಳ್ಳ ಎಂದರೆ ನೇತ್ರಾವತಿ ಉಕ್ಕಿದ 1923ರ ನೆರೆ. ಮಂಗಳೂರಿಗೆ ರೈಲು ಬಂದದ್ದು 1907. ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಹಿಡಿದಿಟ್ಟದ್ದು 1914ರಲ್ಲಿ ಶುರುವಾದ ಯುದ್ಧದ ಕಾಲದಲ್ಲಿ. ಘಟ್ಟದ ಮೇಲಿನವರಾದರೆ ಧಾತು ಸಂವತ್ಸರದ ಬರ, 1876–78. ಹುಬ್ಬಳ್ಳಿ-ಧಾರವಾಡದವರಾದರೆ 1898ರ ಪ್ಲೇಗು. ಹೀಗೆ ನಾಲ್ಕು ಗೂಟ ಹೊಡೆದುಕೊಂಡರೆ ಹಗ್ಗ ಕಟ್ಟಬಹುದು. ಮನೆಯ ಹಳೆಯ ಬೈಬಲ್ಲಿನ ಖಾಲಿ ಹಾಳೆಗಳನ್ನೂ ನೋಡಿ, ಮಕ್ಕಳು ಹುಟ್ಟಿದ ದಿನ ಅಲ್ಲಿ ಬರೆದಿಡುವ ರೂಢಿ ಇತ್ತು.

ಸ್ಮಶಾನಕ್ಕೆ ಹೋಗಲು ಒಳ್ಳೆಯ ಕಾಲ ಡಿಸೆಂಬರದಿಂದ ಫೆಬ್ರವರಿ. ಮಳೆಗಾಲ ಮುಗಿದ ಕೂಡಲೇ ಹೋದರೆ ಹುಲ್ಲು ಸೊಂಟದವರೆಗೆ ಇರುತ್ತದೆ, ಹಾವಿನ ಭಯ ಬೇರೆ. ಸಭಾಪಾಲಕರಿಗೆ, ಅಂದರೆ ಚರ್ಚಿನ ಪಾದ್ರಿಗಳಿಗೆ, ಮೊದಲೇ ತಿಳಿಸಿ. ಹುಲ್ಲು ಕೊಯ್ಯುವವರನ್ನೂ ಗುಂಡಿ ತೋಡುವವರನ್ನೂ ಮಾತಾಡಿಸದೆ ಬರಬೇಡಿ. ಯಾವ ಮೂಲೆಯಲ್ಲಿ ಕಲ್ಲು ಹೂತುಹೋಗಿದೆ ಎಂದು ಅವರಿಗೆ ಗೊತ್ತಿರುತ್ತದೆ, ಗುದ್ದಲಿಗೆ ತಾಗಿರುತ್ತದಲ್ಲ.

ಚೀಲದಲ್ಲಿ ಇರಬೇಕಾದದ್ದು: ಎರಡು ಬಾಟಲಿ ನೀರು, ಮೆದು ಬ್ರಷ್, ಮೊಳಕೈ ಉದ್ದದ ಕನ್ನಡಿ, ಟಾರ್ಚು, ಅಳತೆ ಟೇಪು, ಪೆನ್ಸಿಲ್, ನೋಟ್‌ಬುಕ್ಕು. ಸೀಮೆಸುಣ್ಣ, ಮೈದಾಹಿಟ್ಟು, ಶೇವಿಂಗ್ ಕ್ರೀಮ್ ಬಳಿದು ಅಕ್ಷರ ಎಬ್ಬಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ತಂತಿ ಬ್ರಷ್ಷು, ಆ್ಯಸಿಡ್ಡಂತೂ ಕಲ್ಲಿನ ಚರ್ಮ ಸುಲಿದ ಹಾಗೆ. ನಮ್ಮ ಕಡೆಯ ಹಳೆಯ ಸಮಾಧಿಗಳು ಕೆಂಪುಕಲ್ಲಿನ ಮೇಲೆ ಗಾರೆ ಮಾಡಿದವು, ಉಗುರಿನಲ್ಲಿ ಕೆರೆದರೂ ಪುಡಿ ಉದುರುತ್ತದೆ. ಒಣಗಿದ ಕಲ್ಲುಹೂವನ್ನು ಕಿತ್ತರೆ ಅದರ ಜೊತೆ ಅಕ್ಷರದ ಅಂಚೂ ಬರುತ್ತದೆ. ನೀರು ಹಾಕಿ, ಹಾವಸೆ ಮೆತ್ತಗಾಗುವವರೆಗೆ ಕಾದು, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಉಜ್ಜಿ. ಅಷ್ಟಕ್ಕೆ ಹೋಗದಿದ್ದರೆ ಬಿಟ್ಟುಬಿಡಿ.

ಅಕ್ಷರ ಎಬ್ಬಿಸುವುದು ಬೆಳಕಿನ ಕೆಲಸ. ಕಲ್ಲಿಗೆ ಎದುರಿನಿಂದ ಬೆಳಕು ಬಿದ್ದರೆ ಎಲ್ಲ ಚಪ್ಪಟೆ. ಬೆಳಿಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಬಿಸಿಲು ಕಲ್ಲಿನ ಮೈ ಸವರಿಕೊಂಡು ಹೋಗುವಾಗ ನೋಡಿ. ನೆರಳಲ್ಲಿರುವ ಕಲ್ಲಾದರೆ ಒಬ್ಬರು ದೂರ ನಿಂತು ಕನ್ನಡಿಯಿಂದ ಬಿಸಿಲು ಹಿಡಿದು ಪಕ್ಕದಿಂದ ಹಾಯಿಸಲಿ. ಮುತ್ತಜ್ಜನ ಕಲ್ಲಿಗೆ ಎರಡನೇ ಸಲ ಹೋದಾಗ ಕನ್ನಡಿ ಹಿಡಿದವಳು ಅದೇ ಮೊಮ್ಮಗಳು. ಬೆಳಕು ಎಡದಿಂದ ಬಂದಾಗ ನನಗೆ ಮತ್ತೆ ೬೯ ಎಂದೇ ಕಂಡಿತು. "ದೊಡ್ಡಜ್ಜಿ, ಈಗ ನೋಡಿ" ಎಂದು ಅವಳು ಸುತ್ತು ಹಾಕಿ ಬಲಕ್ಕೆ ಹೋಗಿ ನಿಂತಳು. ಗೀರಿನೊಳಗೆ ನೆರಳು ತುಂಬಿ, ಕಾಣದೇ ಇದ್ದ ಬಾಲ ಕಪ್ಪು ಗೆರೆಯಾಗಿ ಎದ್ದಿತು. ಆದ್ದರಿಂದ ಒಂದೇ ಕಲ್ಲಿಗೆ ನಾಲ್ಕು ಕಡೆಯಿಂದಲೂ ಬೆಳಕು ಹಾಯಿಸಿ, ನಾಲ್ಕು ಫೋಟೋ ತೆಗೆಯಿರಿ.

ಫೋಟೋ ಸಾಕು ಎಂದು ಎದ್ದು ಬರಬೇಡಿ. ಅಲ್ಲೇ ಕೂತು, ಸಾಲಿಗೆ ಸಾಲು, ಕಲ್ಲಿನಲ್ಲಿ ಇದ್ದಹಾಗೇ ಬರೆದುಕೊಳ್ಳಿ. ಕಾಗುಣಿತ ತಿದ್ದಬಾರದು (ಪ್ರೂಫ್‌ನವರಿಗೆ ಇದು ಎಷ್ಟು ಕಷ್ಟ ಎಂದು ಬೇರೆಯವರಿಗೆ ಗೊತ್ತಾಗದು). "ಕರ್ತನಲ್ಲಿ ನಿದ್ರೆಹೋದರು" ಎಂಬ ಸಾಲು ಎಲ್ಲ ಕಲ್ಲಿನಲ್ಲೂ ಇರುತ್ತದೆ. ನಿಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಕ್ಷರದ್ದು. "ವಯಸ್ಸು ೪೨ ವ. ೩ ತಿಂ." ಎಂದಿದ್ದರೆ ಹಿಂದಕ್ಕೆ ಎಣಿಸಿ ಹುಟ್ಟಿದ ತಿಂಗಳು ಹಿಡಿಯಬಹುದು. ಬರೀ ೫೦, ೬೦, ೬೫ ಎಂದಿದ್ದರೆ ಅದು ಅಂದಾಜು, ಮೊದಲ ತಲೆಮಾರಿನವರಿಗೆ ತಮ್ಮ ಹುಟ್ಟಿದ ದಿನ ಗೊತ್ತಿರಲಿಲ್ಲ.

ಆಮೇಲೆ ಅಕ್ಕಪಕ್ಕ. ಕೆಲವು ಸ್ಮಶಾನಗಳಲ್ಲಿ ತೀರಿಹೋದ ಕ್ರಮದಲ್ಲೇ ಸಾಲಾಗಿ ಹೂಳುತ್ತಿದ್ದರು, ಕುಟುಂಬಕ್ಕೊಂದು ಜಾಗ ಎಂದಿರಲಿಲ್ಲ. ನಮ್ಮದೂ ಹಾಗೇ. ಮುತ್ತಜ್ಜನ ಎಡಗಡೆಯ ಕಲ್ಲು ೧೮೯೫, ಬಲಗಡೆಯದು ೧೮೯೭. ಮೊದಲ ಸಲವೇ ಎರಡು ಹೆಜ್ಜೆ ಸರಿದು ನೋಡಿದ್ದರೆ ಎಪ್ಪತ್ತು ಪುಸ್ತಿಕೆ ಕೆಡುತ್ತಿರಲಿಲ್ಲ. ಈಗ ನಾನು ಯಾವ ಸಮಾಧಿ ಸಿಕ್ಕರೂ ಇಡೀ ಸಾಲಿನ ನಕ್ಷೆ ಬರೆಯುತ್ತೇನೆ, ಗೇಟಿನಿಂದ ಎಷ್ಟನೇ ಸಾಲು, ಎಷ್ಟನೇ ಕಲ್ಲು ಎಂದು. ಒಂದೂರಿನಲ್ಲಿ ಸ್ಮಶಾನ ಚಂದ ಮಾಡುತ್ತೇವೆಂದು ಇಂಟರ್‌ಲಾಕ್ ಹಾಸಿ, ಹಳೆಯ ಕಲ್ಲುಗಳನ್ನು ಕಾಂಪೌಂಡಿಗೆ ಒರಗಿಸಿಟ್ಟಿದ್ದರು. ಯಾರ ಕಲ್ಲು ಯಾರ ತಲೆಯ ಮೇಲಿತ್ತೆಂದು ಇನ್ನು ದೇವರಿಗೇ ಗೊತ್ತು.

ಕಲ್ಲಿನ ಮಾತಿಗೆ ಸಾಕ್ಷಿ ಬೇಕು, ಅದು ಇರುವುದು ದೇವಾಲಯದ ಕಪಾಟಿನಲ್ಲಿ. ಕೇಳಬೇಕಾದ ಪುಸ್ತಕ ನಾಲ್ಕು: ದೀಕ್ಷಾಸ್ನಾನದ್ದು (ಬ್ಯಾಪ್ಟಿಸಮ್), ಮದುವೆಯದ್ದು, ಮರಣದ್ದು, ಕುಟುಂಬ ರಿಜಿಸ್ಟರು. ಒಂದನ್ನೇ ಕೇಳಲು ಅವಕಾಶವಿದ್ದರೆ ನಾನು ಮದುವೆಯದ್ದನ್ನೇ ಕೇಳುತ್ತೇನೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ನಮೂನೆಯಲ್ಲಿ ಗಂಡು ಹೆಣ್ಣು ಇಬ್ಬರ ವಯಸ್ಸು, ಕಸುಬು, ಊರು, ತಂದೆಯ ಹೆಸರು, ಸಾಕ್ಷಿಗಳ ರುಜು ಎಲ್ಲ ಬರುತ್ತದೆ. ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿದಂತೆ. ಯಾಕೋಬ, ಪೌಲ, ಇಸ್ರಾಯೇಲ ಎಂಬ ಹೆಸರು ಪುಟಕ್ಕೆ ಐದಿರುವಾಗ ನಮ್ಮ ಯಾಕೋಬ ಯಾರು ಎಂದು ಬಿಡಿಸುವುದು ಈ ತಂದೆಯ ಹೆಸರು ಮತ್ತು ಕಸುಬು. ನಮ್ಮವರ ಮುಂದೆ "ಕಂಪೋಸಿಟರ್" ಎಂದಿತ್ತು. ಮಂಗಳೂರಿನ ಬಲ್ಮಠದ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು. ನೇಯ್ಗೆಯವರು, ಜೆಪ್ಪುವಿನ ಹಂಚಿನ ಕಾರ್ಖಾನೆಯವರು ಎಂದೂ ಕಾಣುತ್ತದೆ. ಆ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂದಹಾಗೆ, ಹಳೆಯ ಮನೆಯ ಹಂಚಿನ ಮೇಲೆ 1865, 1868 ಎಂದು ಅಚ್ಚಾಗಿದ್ದರೆ ಅದು ಆಯಾ ಕಾರ್ಖಾನೆ ಹುಟ್ಟಿದ ವರ್ಷ, ಮನೆ ಕಟ್ಟಿದ್ದಲ್ಲ.

ತೀರ ಹಳೆಯ ಪುಟಗಳು ಜರ್ಮನ್ ಕೈಬರಹದಲ್ಲಿದ್ದರೆ ಹೆದರಬೇಡಿ. ಕುರ್ರೆಂಟ್ ಎನ್ನುವ ಆ ಲಿಪಿಯಲ್ಲಿ ಎನ್, ಇ, ಯು ಮೂರೂ ಒಂದೇ ತರದ ಗೀಟು. ಯು ಮೇಲೆ ಒಂದು ಕೊಂಕು ಇರುತ್ತದೆ, ಅದೇ ಗುರುತು. ಹೆಂಗಸಿನ ಹೆಸರಿನ ನಡುವೆ "ಗೆಬ್." ಬಂದರೆ ಮುಂದಿರುವುದು ತವರಿನ ಹೆಸರು, ತಾರೀಕಿನ ಹಿಂದೆ ಬಂದರೆ ಹುಟ್ಟಿದ್ದು. † ಇದ್ದರೆ ತೀರಿಕೊಂಡದ್ದು. ತಿಂಗಳಿನ ಜಾಗದಲ್ಲಿ 7ರ ಪಕ್ಕ "ಬೆರ್" ಎಂದಿದ್ದರೆ ಜುಲೈ ಎಂದುಕೊಳ್ಳಬೇಡಿ, ಅದು ಸೆಪ್ಟೆಂಬರ್. 8 ಅಕ್ಟೋಬರ್, ಹೀಗೆ. ಲ್ಯಾಟಿನಿನಲ್ಲಿ ಸೆಪ್ಟೆಮ್ ಎಂದರೆ ಏಳು, ಆಕ್ಟೊ ಎಂದರೆ ಎಂಟು, ಅದರ ಲೆಕ್ಕ.

ಪುಸ್ತಕ ಗೆದ್ದಲಿಗೆ ಹೋಗಿದ್ದರೆ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಭಂಡಾರವಿದೆ, ಮೊದಲೇ ಪತ್ರ ಬರೆದು ಹೋಗಿ. ಮಿಷನ್ನಿನ ಮೂಲ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ, ಈಗ ಮಿಷನ್ 21 ಎಂಬ ಸಂಸ್ಥೆಯ ಸಂಗ್ರಹದಲ್ಲಿವೆ. ಅಲ್ಲಿನ ಹಳೆಯ ಫೋಟೋಗಳನ್ನೂ ನಕ್ಷೆಗಳನ್ನೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ಊರಿನ ಹೆಸರು ಹುಡುಕುವಾಗ ಜರ್ಮನರ ಕಿವಿಗೆ ಬಿದ್ದ ಹಾಗೆ ನಾಲ್ಕಾರು ಕಾಗುಣಿತ ಹಾಕಿ ನೋಡಿ.

ದೀಕ್ಷಾಸ್ನಾನಕ್ಕಿಂತ ಹಿಂದೆ ಹೋಗುವುದು ಹೇಗೆ? ಬಹಳ ಜನ ಅಲ್ಲಿಗೆ ಕೈಚೆಲ್ಲುತ್ತಾರೆ. ನಮ್ಮ ರಿಜಿಸ್ಟರಿನಲ್ಲಿ ಮುತ್ತಜ್ಜನ ಅಪ್ಪನ ಸಾಲಿಗೆ ಹಿಂದಿನ ಹೆಸರೂ ಗ್ರಾಮವೂ ಬರೆದಿತ್ತು. ಗ್ರಾಮ ಸಿಕ್ಕಿದ ಮೇಲೆ ಹಳೆಯ ಅಡಂಗಲ್ (ಊರಿನ ಜಮೀನು ಲೆಕ್ಕದ ಪುಸ್ತಕ), ಮೂಲಗೇಣಿ (ಕಾಯಂ ಗೇಣಿ) ಚೀಟು ಹುಡುಕಬಹುದು. ತುಳುನಾಡಿನವರು ಒಂದನ್ನು ಮರೆಯಬಾರದು: ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಮನೆಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯ ಕಡೆಯಿಂದ. ನಿಮ್ಮ ಮನೆತನದ ಹೆಸರು ಬಳಿಯ ಹೆಸರಾಗಿದ್ದರೆ, ಮೊದಲು ಕ್ರೈಸ್ತನಾದವನು ಅದನ್ನು ತಂದದ್ದು ತನ್ನ ತಾಯಿಯಿಂದ. ಅಲ್ಲಿಂದ ಈಚೆಗೆ ಅದು ಅಪ್ಪನಿಂದ ಮಗನಿಗೆ ಇಳಿದಿದೆ. ಹಾಗಾಗಿ ಆ ಗ್ರಾಮಕ್ಕೆ ಹೋಗಿ ನಿಮ್ಮದೇ ಹೆಸರಿನ ಗಂಡುಸಂತಾನ ಹುಡುಕಿದರೆ ದಾರಿ ತಪ್ಪುತ್ತದೆ. ನಾನು ಅದನ್ನೇ ಮಾಡಿ ಎರಡು ವರ್ಷ ಕಳೆದೆ. ಮೂರನೇ ವರ್ಷ ಆ ಊರಿನ ಒಬ್ಬ ಮುದುಕರು ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಅಪ್ಪನ ಹೆಸರು ಬಿಡಿ, ಅವರ ಮಾವ ಯಾರು ಹೇಳಿ" ಎಂದರು. ಮಾವ ಎಂದರೆ ತಾಯಿಯ ಅಣ್ಣನೋ ತಮ್ಮನೋ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಇನ್ನೊಮ್ಮೆ ಹೋಗುವುದಿದೆ.

ಅಷ್ಟರೊಳಗೆ ಪುಸ್ತಿಕೆಯ ಕೆಲಸ ಮುಗಿಸಿದೆ. ಎಪ್ಪತ್ತು ಚೀಟಿ ಅಚ್ಚು ಮಾಡಿಸಿ, ಹಿಂದೆ ಅಂಟು ಬಳಿದು, ಮನೆಮನೆಗೆ ಕಳಿಸಿದೆ. ಪ್ರೆಸ್ಸಿನವರ ಮಾತಿನಲ್ಲಿ ಒಪ್ಪೋಲೆ, ಅಂದರೆ ತಪ್ಪು ತಿದ್ದುವ ಚೀಟಿ: "ಪುಟ 6, ಸಾಲು 11. ೧೮೬೯ ಎಂದಿರುವಲ್ಲಿ ೧೮೯೬ ಎಂದು ಓದಿಕೊಳ್ಳಬೇಕು."