ಮೊಲದ ತಲೆ ಎಲ್ಲಿ?

ಚಂದ್ರನ ಫೋಟೋ ಅಂದ ಕೂಡಲೇ ಎಲ್ಲರೂ ಹುಣ್ಣಿಮೆಗೆ ಕಾಯುತ್ತಾರೆ. ನಾನೂ ಹಾಗೇ ಕಾದೆ, ತೆಗೆದೆ. ಬಂದದ್ದು ಬರೀ ಬಿಳಿ ಇಡ್ಲಿ.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಆಟೋ ಮೋಡ್‌ನಲ್ಲಿ ಕ್ಯಾಮೆರಾ ಸುತ್ತಲಿನ ಕಪ್ಪು ಆಕಾಶ ನೋಡಿ ಬೆಳಕನ್ನು ಜಾಸ್ತಿ ಒಳಗೆ ಬಿಡುತ್ತದೆ. ಆದರೆ ಚಂದ್ರನ ಮೇಲೆ ಬಿದ್ದಿರುವುದು ನಮ್ಮ ಹಗಲಿನ ಬಿಸಿಲೇ. ಅಲ್ಲಿನ ನೆಲವೋ ಹಳೇ ಡಾಂಬರು ರಸ್ತೆಯಷ್ಟು ಕಪ್ಪು. ಮಟಮಟ ಮಧ್ಯಾಹ್ನ ರಸ್ತೆಯ ಫೋಟೋ ತೆಗೆಯುತ್ತಿದ್ದೇನೆ ಅಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಆದರೂ ಹುಣ್ಣಿಮೆಯಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿಲು ನೇರವಾಗಿ ಬೀಳುವುದರಿಂದ ಗುಂಡಿಗಳಿಗೆ ನೆರಳೇ ಇರುವುದಿಲ್ಲ. ನೆರಳಿಲ್ಲದಿದ್ದರೆ ಗುಂಡಿ ಕಾಣುವುದಾದರೂ ಹೇಗೆ?

ಹಾಗಾಗಿ ಬಹುಳ ಅಷ್ಟಮಿಯ ಅರ್ಧ ಚಂದ್ರನಿಗೆ ಬಂದೆ, ಆಗ ಬೆಳಕು ಕತ್ತಲು ಸೇರುವ ಕಡೆ ಬಿಸಿಲು ಓರೆಯಾಗಿ ಬಿದ್ದು ನೆರಳು ಸಿಗುತ್ತದೆ. ಆ ಚಂದ್ರ ನಡುರಾತ್ರಿ ಹೊತ್ತಿಗೆ ಹುಟ್ಟಿ ಬೆಳಗಿನ ಜಾವ ಮೇಲೇರಿರುತ್ತಾನೆ. ಕೆಲಸದ ದಿನ ನಾಲ್ಕೂವರೆಗೆ ಏಳುವುದು ನನ್ನಿಂದ ಆಗದ ಮಾತು. ಗೋಡೆಯ ಕ್ಯಾಲೆಂಡರ್ ತಿರುವಿದಾಗ 2023ರ ನವೆಂಬರ್ 5, ಭಾನುವಾರ, ಅಷ್ಟಮಿ ಸಿಕ್ಕಿತು. ದೀಪಾವಳಿಗೆ ಇನ್ನೂ ಒಂದು ವಾರ ಇತ್ತು, ಪಟಾಕಿ ಹೊಗೆಯೂ ಇರಲಿಲ್ಲ.

ನನ್ನ ಹತ್ತಿರ ಇರುವುದು ಕ್ಯಾನನ್ 1500ಡಿ, 55-250 ಲೆನ್ಸ್, ಒಂದು ಅಗ್ಗದ ಟ್ರೈಪಾಡ್. ಲೆನ್ಸನ್ನು 250 ಮಿಲಿಮೀಟರಿಗೆ ಪೂರ್ತಿ ಜೂಮ್ ಮಾಡಿದರೂ, ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಚಂದ್ರ ಸುಮಾರು 2 ಮಿಲಿಮೀಟರ್ ಅಗಲ ಬೀಳುತ್ತಾನೆ ಅಷ್ಟೇ. ಅವತ್ತು ಅವನು 4 ಲಕ್ಷ ಕಿಲೋಮೀಟರಿಗಿಂತ ದೂರ ಬೇರೆ ಇದ್ದ. ಫೋಟೋದಲ್ಲಿ ಸುಮಾರು 580 ಪಿಕ್ಸೆಲ್, ಅಂದರೆ ಒಂದು ಪಿಕ್ಸೆಲ್‌ಗೆ 6 ಕಿಲೋಮೀಟರ್. ಕಡಿಮೆ ಅನ್ನಿಸಬಹುದು. 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಗುಂಡಿಗೆ ಹದಿನೈದು ಪಿಕ್ಸೆಲ್ ಸಿಗುತ್ತದೆ, ಸಾಕು.

ಐದು ಗಂಟೆಗೆ ತಾರಸಿಗೆ ಹೋದೆ. ಪೂರ್ವಕ್ಕೆ ಬೆಳ್ಳಿ ಮೂಡಿ ಫಳಫಳ ಅನ್ನುತ್ತಿತ್ತು. ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಫೋಟೋಗೆ ಇದು ತುಂಬಾ ಒಳ್ಳೆಯದು. ಮೇಲಿದ್ದಷ್ಟೂ ನಡುವೆ ಅಡ್ಡ ಬರುವ ಗಾಳಿ ಕಡಿಮೆ. ಹಗಲೆಲ್ಲಾ ಕಾದ ಕಾಂಕ್ರೀಟ್ ಕೂಡ ರಾತ್ರಿ ಪೂರ್ತಿ ತಣ್ಣಗಾಗಿರುತ್ತದೆ, ಸಂಜೆಯಷ್ಟು ಬಿಸಿ ಏಳುವುದಿಲ್ಲ. ಟ್ರೈಪಾಡ್‌ಗೆ ಮಾತ್ರ ಇದು ಶಿಕ್ಷೆ. ನನ್ನದು ಮೇಲಕ್ಕೆ ಒಂದು ಮಟ್ಟಕ್ಕೆ ಬಾಗಿ ನಿಂತುಬಿಡುತ್ತದೆ, ಕೆಳಕ್ಕೆ ಪೂರ್ತಿ ಬಾಗುತ್ತದೆ. ಹತ್ತು ನಿಮಿಷ ಒದ್ದಾಡಿದ ಮೇಲೆ ಹೊಳೆಯಿತು: ಕ್ಯಾಮೆರಾವನ್ನೇ ಹಿಂದು ಮುಂದಾಗಿ ಕೂರಿಸಿದರೆ? ಕೂರಿಸಿದೆ. ಲೆನ್ಸ್ ನೇರ ಆಕಾಶ ನೋಡಿತು. ಈಗ ಸ್ಕ್ರೀನ್ ನೆಲ ನೋಡುತ್ತಿತ್ತು, ಅದು ಮಡಚಿ ತಿರುಗುವ ಸ್ಕ್ರೀನ್ ಅಲ್ಲ. ಚಾಪೆ ಹಾಸಿ, ಟ್ರೈಪಾಡ್‌ನ ಎರಡು ಕಾಲಿನ ನಡುವೆ ತಲೆ ತೂರಿಸಿ ಮಲಗಿದೆ.

ಅಷ್ಟೊತ್ತಿಗೆ ದಾಸವಾಳ ಕೀಳಲು ಓನರ್ ಅಜ್ಜಿ ಬಂದರು.

"ಏನೋ ಇದು, ಇಲ್ಲಿ ಮಲಗಿದೀಯ? ಹುಷಾರಿಲ್ವಾ?"

"ಚಂದ್ರನ ಫೋಟೋ ಅಜ್ಜಿ. ಸ್ವಲ್ಪ ಹೊತ್ತು ಓಡಾಡಬೇಡಿ, ಅಲ್ಲಾಡತ್ತೆ."

"ಅರ್ಧಾನೇ ಇದಾನಲ್ಲೋ," ಅಂದು ಅಲ್ಲೇ ಟ್ಯಾಂಕ್ ಪಕ್ಕ ನಿಂತರು.

ಫೋಕಸ್ ನಾನು ಕೈಯಲ್ಲೇ ಮಾಡುತ್ತೇನೆ. ಸ್ಕ್ರೀನಿನಲ್ಲೇ ಚಿತ್ರ ತೋರಿಸುವ ಲೈವ್ ವ್ಯೂ ಹಾಕಿ ಹತ್ತು ಪಟ್ಟು ದೊಡ್ಡದು ಮಾಡಿ, ಬೆಳಕು ಮತ್ತು ಕತ್ತಲು ಸೇರುವ ಗೆರೆಯ ಮೇಲೆ ಕಣ್ಣಿಡಬೇಕು. ಹರಿಯುವ ನೀರಿನ ತಳದ ಕಲ್ಲು ನೋಡಿದ ಹಾಗೆ ಚಿತ್ರ ಕುಲುಕುತ್ತಿರುತ್ತದೆ. ಒಂದು ಕ್ಷಣ ನಿಂತಾಗ ಗುಂಡಿಯ ಅಂಚು ಚೂಪಾಗಿ ಕಂಡರೆ ಅದೇ ಫೋಕಸ್. ಬೇಗ ಮಾಡಬೇಕು, ಏಕೆಂದರೆ ಎರಡು ನಿಮಿಷಕ್ಕೆ ಚಂದ್ರ ತನ್ನದೇ ಅಗಲದಷ್ಟು ಜಾರಿ ಹೋಗುತ್ತಾನೆ.

ಹುಣ್ಣಿಮೆಗೆ ಒಂದು ಸುಲಭ ಲೆಕ್ಕ ಇದೆ. ಲೆನ್ಸಿನ ಕಿಂಡಿ ಎಫ್/11 ಇಟ್ಟು (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 200 ಇದ್ದರೆ ಶಟರ್ ತೆರೆದಿರುವುದು 1/200 ಸೆಕೆಂಡು. ಅರ್ಧ ಚಂದ್ರನಿಗೆ ಅರ್ಧ ಬೆಳಕು ಅಂದುಕೊಳ್ಳಬೇಡಿ, ಅವನ ಬೆಳಕು ಹುಣ್ಣಿಮೆಯ ಹತ್ತರಲ್ಲಿ ಒಂದು ಪಾಲಿನಷ್ಟೇ. ನಾನು ಎಫ್/8, ಐಎಸ್‌ಒ 200, 1/100 ಇಟ್ಟೆ, ಅಂದರೆ ಆ ಲೆಕ್ಕಕ್ಕಿಂತ ನಾಲ್ಕು ಪಟ್ಟು ಬೆಳಕು. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲ್, ಎರಡು ಸೆಕೆಂಡಿನ ಟೈಮರ್, ಅಲುಗಾಟ ತಡೆಯುವ ಲೆನ್ಸಿನ ಸ್ಟೆಬಿಲೈಸರ್ ಆಫ್. ಮೊದಲ ಹತ್ತು ಫೋಟೋ ಮಸುಕು. ಕಾರಣ ಅಜ್ಜಿ ಅಲ್ಲ, ಸಂಪಿನ ಮೋಟರ್. ಟ್ಯಾಂಕಿಗೆ ನೀರು ಬೀಳುತ್ತಿದ್ದರೆ ತಾರಸಿಯೇ ಸಣ್ಣಗೆ ನಡುಗುತ್ತದೆ ಅಂತ ಅವತ್ತು ಗೊತ್ತಾಯಿತು. ಅಜ್ಜಿಯೇ ಹೋಗಿ ಮೋಟರ್ ಆಫ್ ಮಾಡಿ ಬಂದರು. ಐದೂಮುಕ್ಕಾಲಿಗೆ ಆಕಾಶ ನೀಲಿಯಾಗುವಷ್ಟರಲ್ಲಿ ಅರವತ್ತು ಫೋಟೋ ಆಗಿದ್ದವು.

ಅದರಲ್ಲಿ ಚೂಪಾಗಿದ್ದ ಇಪ್ಪತ್ತನ್ನು ಆರಿಸಿ, ಆಟೋಸ್ಟ್ಯಾಕರ್ಟ್‌ನಲ್ಲಿ ಒಂದರ ಮೇಲೊಂದು ಸೇರಿಸಿದೆ. ಆಮೇಲೆ ರೆಜಿಸ್ಟ್ಯಾಕ್ಸ್‌ನಲ್ಲಿ ಸ್ವಲ್ಪ ಚೂಪು ಮಾಡಿದೆ. ಎರಡೂ ಬಿಟ್ಟಿ ಸಾಫ್ಟ್‌ವೇರ್. ಈ ಚೂಪು ಮಾಡುವ ಕಡೆ ಆಸೆ ಜಾಸ್ತಿಯಾದರೆ ಚಂದ್ರ ಪ್ಲಾಸ್ಟರ್ ಬೊಂಬೆಯಂತಾಗುತ್ತಾನೆ. ನಾನು ಮೂರು ಸಲ ಕೆಡಿಸಿದೆ.

ಕೊನೆಗೆ ಬಂದದ್ದನ್ನು ನೋಡಿ ನನಗೇ ನಂಬಿಕೆ ಬರಲಿಲ್ಲ. ಬಿಸಿಲು ಹಿಡಿದು ಬಿಲ್ಲಿನ ಹಾಗೆ ಬಾಗಿದ ಅಪೆನೈನ್ ಬೆಟ್ಟಸಾಲು. ಗೆರೆಯ ಅಂಚಿನಲ್ಲೇ ಒಂದರ ಕೆಳಗೊಂದು ಟಾಲೆಮಿಯಸ್, ಅಲ್ಫಾನ್ಸಸ್, ಆರ್ಜಾಕೆಲ್ ಗುಂಡಿಗಳು, ಮೂರಕ್ಕೂ ನೆರಳು. ದಕ್ಷಿಣದಲ್ಲಿ ಕ್ಲೇವಿಯಸ್ ಗುಂಡಿ. ಚಂದ್ರಯಾನ-3ರ ವಿಕ್ರಮ್ ಇಳಿದ ಜಾಗ ಮಾತ್ರ ಸಿಗಲಿಲ್ಲ, ಅಲ್ಲಿ ಆಗಲೇ ರಾತ್ರಿ. ಆಗಸ್ಟ್ 23ಕ್ಕೆ ಅದು ಇಳಿದಾಗ ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಅದನ್ನು ಇಳಿಸಿದ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್ ಬೆಂಗಳೂರಿನಲ್ಲಿ, ನಮ್ಮ ಪಕ್ಕದ ಪೀಣ್ಯದಲ್ಲೇ ಇದೆ.

ಸಂಜೆ ಅಜ್ಜಿಗೆ ಲ್ಯಾಪ್‌ಟಾಪ್ ತೋರಿಸಿದೆ. ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು.

"ಮೊಲದ ತಲೆ ಎಲ್ಲಿ?"

ಸರಿಯಾದ ಪ್ರಶ್ನೆಯೇ. ಮೊಲದ ತಲೆ, ಕಿವಿ ಎಲ್ಲಾ ಚಂದ್ರನ ಪೂರ್ವದ ಅರ್ಧದಲ್ಲಿವೆ. ಅಷ್ಟಮಿಗೆ ಆ ಕಡೆ ಕತ್ತಲು, ಉಳಿಯುವುದು ಮೈ ಮಾತ್ರ. ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ನವೆಂಬರ್ 27ರ ಕಾರ್ತಿಕ ಹುಣ್ಣಿಮೆಗೆ ಮತ್ತೆ ತೆಗೆದೆ, ಎಫ್/11ರಲ್ಲಿ. ನೆರಳಿಲ್ಲ, ಗುಂಡಿಯಿಲ್ಲ, ಚಪ್ಪಟೆ ಫೋಟೋ. ಮೊಲ ಮಾತ್ರ ಕಿವಿ ಸಮೇತ ಬಂದಿತ್ತು. ಈಗ ಅದು ಅಜ್ಜಿಯ ವಾಟ್ಸಾಪ್ ಡಿಪಿ.