ಗರಿ ಕೀಳುವ ಗಿಳಿಗೆ ಕೊಕ್ಕಿನ ತುಂಬ ಕೆಲಸ

ಮೊದಲು ಹಕ್ಕಿಯ ತಲೆ ನೋಡಿ. ಎದೆ, ತೊಡೆ, ರೆಕ್ಕೆಯ ಕೆಳಭಾಗ ಬೋಳಾಗಿ ತಲೆಯ ಗರಿ ಮಾತ್ರ ಸೊಂಪಾಗಿದ್ದರೆ ಅದು ತಾನೇ ಕಿತ್ತುಕೊಳ್ಳುತ್ತಿದೆ. ಯಾವ ಗಿಳಿಯ ಕೊಕ್ಕೂ ತನ್ನ ತಲೆಗೆ ಎಟುಕುವುದಿಲ್ಲ. ತಲೆಯೂ ಬೋಳಾಗಿದ್ದರೆ ಜೊತೆಗಿರುವ ಹಕ್ಕಿ ಕೀಳುತ್ತಿರಬೇಕು, ಇಲ್ಲವೇ ರೋಗ ಇರಬೇಕು. ಹಳೆ ಗರಿ ಉದುರಿ ಹೊಸದು ಬರುವ ಕಾಲ ಬೇರೆ. ಆಗ ಎರಡೂ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಬೀಳುತ್ತವೆ, ಅದೇ ಜಾಗದಲ್ಲಿ ಹೊಸ ಗರಿಯ ಚೂಪು ಕುಡಿ ಕಾಣುತ್ತದೆ, ಅಂಗೈಯಗಲ ಬರಿ ಚರ್ಮ ಕಾಣುವುದಿಲ್ಲ.

ನಾನು ಧಾರವಾಡದಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಗಿಳಿ ಗುಂಡಪ್ಪ ಆಫ್ರಿಕನ್ ಗ್ರೇ ಜಾತಿಯವನು: ಬೂದು ಮೈ, ಕೆಂಪು ಬಾಲ. ನಮ್ಮಣ್ಣ ದುಬೈಗೆ ಹೋಗುವಾಗ ನನಗೆ ಒಪ್ಪಿಸಿ ಹೋದ. ಈ ಜಾತಿ ನಲವತ್ತು ವರ್ಷ ದಾಟಿ ಬದುಕುತ್ತದೆ. ಜಾಣ ಹಕ್ಕಿ, ಅದಕ್ಕೇ ಬೇಗ ಬೇಸರ. ಗ್ರೇ, ತಲೆಯ ಮೇಲೆ ಜುಟ್ಟಿರುವ ಕಾಕಟೂ ಇವೆರಡರಲ್ಲೇ ಗರಿ ಕೀಳುವ ಚಟ ಹೆಚ್ಚು. ಸಾಕಿದ ಮನುಷ್ಯ ಕಣ್ಮರೆಯಾದರೆ ಎದೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ.

ಆದರೆ ಬೇಸರ ಎಂದು ನೀವೇ ತೀರ್ಮಾನಿಸಬೇಡಿ, ಡಾಕ್ಟರಿಗೆ ತೋರಿಸಿ. ಹೊಟ್ಟೆಯಲ್ಲಿ ಜಿಯಾರ್ಡಿಯಾ ಎಂಬ ಪರಜೀವಿ, ಲಿವರ್ ತೊಂದರೆ, ಚರ್ಮದ ಸೋಂಕು, ಬರೀ ಸೂರ್ಯಕಾಂತಿ ಬೀಜ ತಿಂದು ಎ ಜೀವಸತ್ವದ ಕೊರತೆ, ಸತು-ಸೀಸದ ವಿಷ, ಇವೆಲ್ಲವೂ ಗರಿ ಕೀಳಿಸಬಹುದು. ನಾಯಿ-ಎಮ್ಮೆ ನೋಡುವ ಎಲ್ಲ ಡಾಕ್ಟರಿಗೂ ಹಕ್ಕಿಯ ಅಭ್ಯಾಸ ಇರುವುದಿಲ್ಲ. ಹೆಬ್ಬಾಳ, ಶಿವಮೊಗ್ಗ, ಬೀದರಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹೋಗುವ ಮೊದಲು ಫೋನ್ ಮಾಡಿ ಹಕ್ಕಿ ನೋಡುವವರು ಯಾವತ್ತು ಇರುತ್ತಾರೆ ಎಂದು ಕೇಳಿ. ಮಲ ಮತ್ತು ರಕ್ತದ ಪರೀಕ್ಷೆ ಬೇಕೇ, ಲೋಹ ನುಂಗಿದೆಯೇ ಎಂದು ಎಕ್ಸ್‌ರೇ ತೆಗೆಯಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಗ್ರಾಂ ತೋರಿಸುವ ಅಡುಗೆ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ತೂಗಿ ಬರೆದಿಡಿ. ಗ್ರೇ ಸಾಮಾನ್ಯವಾಗಿ 400ರಿಂದ 500 ಗ್ರಾಂ ತೂಗುತ್ತದೆ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಕಾಯುವ ಮಾತೇ ಇಲ್ಲ.

ರೋಗ ಇಲ್ಲವೆಂದು ಗೊತ್ತಾದ ಮೇಲೆ ನಿಜವಾದ ಕೆಲಸ ಶುರು. ಅದು ಇಷ್ಟೇ: ಮೆಲ್ಲಮೆಲ್ಲಗೆ ಕಾಳಿನ ಬಟ್ಟಲು ತೆಗೆದು, ಹಕ್ಕಿ ಹುಡುಕಿ ತಿನ್ನುವಂತೆ ಮೇವು ಬಚ್ಚಿಡಿ. ಕಾಡಿನ ಗಿಳಿಗೆ ಮೇವು ಹುಡುಕುವುದರಲ್ಲೇ ದಿನದ ಹಲವು ತಾಸು ಹೋಗುತ್ತದೆ. ಪಂಜರದ ಗಿಳಿ ಬಟ್ಟಲಿನ ಮುಂದೆ ಕೂತು ಅರ್ಧ-ಒಂದು ತಾಸಿನಲ್ಲಿ ಊಟ ಮುಗಿಸುತ್ತದೆ. ಉಳಿದ ಹೊತ್ತು ಕೊಕ್ಕು ಏನು ಮಾಡಬೇಕು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಅಮೆಜಾನ್ ಗಿಳಿ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹುಡುಕಿ ತಿನ್ನುವ ಆಟಿಕೆಗಳನ್ನೂ ಹತ್ತಿ ಇಳಿಯುವ ಕೊಂಬೆಗಳನ್ನೂ ಕೊಟ್ಟರು. ಅವು ಗರಿ ಕಾಪಾಡಿಕೊಂಡವು, ಖಾಲಿ ಪಂಜರದವು ಕಿತ್ತುಕೊಂಡವು. ಆಮೇಲೆ ಕಿತ್ತುಕೊಂಡವಕ್ಕೂ ಅದನ್ನೇ ಕೊಟ್ಟಾಗ ಗರಿ ಸುಧಾರಿಸಿತು. 2003ರಲ್ಲಿ ಪ್ರಕಟವಾದ ಕೆಲಸ ಅದು. ಈಗಲೂ ಅಂಗಡಿಗಳಲ್ಲಿ ಬಟ್ಟಲು ಮತ್ತು ಕನ್ನಡಿ ಜೊತೆಗೇ ಪಂಜರ ಮಾರುತ್ತಾರೆ!

ಒಂದೇ ದಿನ ಎಲ್ಲ ಬಚ್ಚಿಟ್ಟರೆ ಹಕ್ಕಿ ಉಪವಾಸ ಬೀಳುತ್ತದೆ. ಮೊದಲು ಅದರ ಕಣ್ಣೆದುರೇ ಒಂದು ಶೇಂಗಾ ತೆಗೆದುಕೊಂಡು ಕಾಗದದ ಮೇಲಿಟ್ಟು ಸಡಿಲವಾಗಿ ಮಡಿಸಿ ಕೊಡಿ. ಬಿಚ್ಚುವುದು ಕಲಿತ ಮೇಲೆ ಕಾಗದವನ್ನು ಹಿಂಡಿ ಉಂಡೆ ಮಾಡಿ, ಆಮೇಲೆ ಗಂಟು ಹಾಕಿ. ನಾನು ಅಳತೆ ಕತ್ತರಿಸಿ ಉಳಿದ ಖಾಕಿ ಕಾಗದ, ದಾರ ಮುಗಿದ ರಟ್ಟಿನ ಕೋನು, ಕಾಲರಿನ ರಟ್ಟು ಇವನ್ನೇ ಬಳಸುತ್ತೇನೆ. ಕೋನಿನೊಳಗೆ ನಾಲ್ಕು ಕಾಳು ಹಾಕಿ ಎರಡೂ ತುದಿಗೆ ಕಾಗದ ತುರುಕಿದರೆ ಗುಂಡಪ್ಪನಿಗೆ ಬೆಳಗಿನ ದೊಡ್ಡ ಕೆಲಸ. ದಾರದ ಒಂದೆಳೆಯೂ ಉಳಿದಿರಬಾರದು. ಎಳೆ ಬೆರಳಿಗೆ ಸುತ್ತಿಕೊಂಡರೆ ಬೆರಳೇ ಸಾಯುತ್ತದೆ, ನುಂಗಿದರೆ ಗಂಟಲ ಚೀಲದಲ್ಲಿ ಉಂಡೆಗಟ್ಟುತ್ತದೆ. ತೆಂಗಿನ ನಾರಿಗೂ ಇದೇ ಮಾತು. ಚಿಪ್ಪು ಕೊಡಿ, ಉದ್ದ ನಾರು ಬೇಡ.

ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಸಜ್ಜೆ ತೆನೆ, ಜೋಳದ ತೆನೆ ಸಿಗುವ ಕಾಲದಲ್ಲಿ ಔಷಧಿ ಹೊಡೆಯದ್ದನ್ನು ನೋಡಿ ತಂದು, ಇಡೀ ತೆನೆಯನ್ನೇ ಪಂಜರಕ್ಕೆ ಸಿಕ್ಕಿಸಿ. ಒಂದೊಂದೇ ಕಾಳು ಬಿಡಿಸುವುದಕ್ಕೆ ಒಂದು ರವಿಕೆಯ ತೋಳು ಹೊಲಿಯುವಷ್ಟು ಹೊತ್ತು ಹಿಡಿಯುತ್ತದೆ. ಪೇರಲ ಕೊಂಬೆ, ಬೇವಿನ ಕೊಂಬೆ ತೊಗಟೆ ಸಮೇತ ತೊಳೆದು ಕಟ್ಟಿ. ದಾಸವಾಳದ ಹೂ, ನುಗ್ಗೆಸೊಪ್ಪಿನ ಕಟ್ಟು, ಗಜ್ಜರಿ, ಕುಂಬಳದ ಹೋಳು, ಅಡಿಕೆ ಹಾಳೆಯ ತಟ್ಟೆ ಎಲ್ಲವೂ ಆದೀತು. ಬ್ಯಾಡಗಿ ಮೆಣಸಿನಕಾಯಿಯನ್ನು ಇಡಿಯಾಗಿ ಕೊಟ್ಟು ನೋಡಿ, ಬಂದವರು ಹೌಹಾರುತ್ತಾರೆ. ಹಕ್ಕಿಗೆ ಖಾರ ತಾಕುವುದೇ ಇಲ್ಲ, ಬೀಜ ಬೀಜವಾಗಿ ಬಿಡಿಸಿ ತಿನ್ನುತ್ತದೆ. ಶೇಂಗಾ ಮಾತ್ರ ನಾವು ತಿನ್ನುವ ಗುಣಮಟ್ಟದ್ದೇ ಆಗಿರಲಿ, ಉಪ್ಪಿಲ್ಲದ್ದು. ಬೂಷ್ಟು ಹಿಡಿದದ್ದರಲ್ಲಿ ಲಿವರ್ ಕೆಡಿಸುವ ವಿಷ ಇರುತ್ತದೆ. ಬೆಣ್ಣೆಹಣ್ಣು, ಚಾಕೊಲೇಟು, ಚಹಾ-ಕಾಫಿ, ಉಳ್ಳಾಗಡ್ಡಿ, ಸೇಬಿನ ಬೀಜ ಕೊಡಲೇಬಾರದು.

ಆಟಿಕೆ ಎಂದರೆ ಹಾಳಾಗುವುದೇ ಅದರ ಗುಣ. ಹರಿಯಲು ಬಾರದ ಪ್ಲಾಸ್ಟಿಕ್ ಗಂಟೆ ಗೋಡೆಗೆ ತೂಗುಹಾಕಿದ ಚಿತ್ರವಿದ್ದಂತೆ, ನಾಲ್ಕು ದಿನದ ಮೇಲೆ ಯಾರೂ ನೋಡುವುದಿಲ್ಲ. ಎರಡು-ಮೂರು ವಸ್ತು ಒಳಗಿಟ್ಟು ಉಳಿದದ್ದು ಡಬ್ಬಿಯಲ್ಲಿರಲಿ, ಅದಲು ಬದಲು ಮಾಡಿ. ಗ್ರೇ ಪುಕ್ಕಲು ಹಕ್ಕಿ. ಹೊಸ ವಸ್ತುವನ್ನು ಮೊದಲು ಪಂಜರದ ಹೊರಗೆ ದೂರದಲ್ಲಿಟ್ಟು ದಿನದಿನ ಹತ್ತಿರ ತನ್ನಿ.

ಸ್ನಾನ ಮರೆಯಬೇಡಿ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮೂರ ಗಾಳಿ ಒಣಗಿ ಚರ್ಮ ತುರಿಸುತ್ತದೆ, ತುರಿಸಿದಲ್ಲೇ ಕೊಕ್ಕು ಹೋಗುತ್ತದೆ. ಬೆಳಗ್ಗೆ ಹೊಸ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಮುಖಕ್ಕೆ ಹೊಡೆಯದೆ, ಮೇಲಿನಿಂದ ಸೋನೆಮಳೆ ಬೀಳುವಂತೆ ಸಿಂಪಡಿಸಿ, ಬಿಸಿಲೇರುವಷ್ಟರಲ್ಲಿ ಒಣಗಲಿ. ನಿದ್ದೆ ಹತ್ತರಿಂದ ಹನ್ನೆರಡು ತಾಸು ಬೇಕು, ಕತ್ತಲಲ್ಲಿ, ಸದ್ದಿಲ್ಲದೆ. ಲಗ್ನದ ಸೀಸನ್‌ನಲ್ಲಿ ನನ್ನ ಮಷಿನ್ ರಾತ್ರಿ ಹತ್ತಾದರೂ ನಿಲ್ಲುವುದಿಲ್ಲ, ಆಗ ಗುಂಡಪ್ಪ ಏಳಕ್ಕೇ ಒಳಕೋಣೆಗೆ. ಅಲ್ಲಿಂದಲೂ ಕುಕ್ಕರ್ ಸೀಟಿ ಹೊಡೆದು ಒಮ್ಮೆ ತಕರಾರು ಮಾಡುತ್ತಾನೆ, ಅಷ್ಟೇ.

ದಿನಕ್ಕೆ ಹತ್ತು ನಿಮಿಷ ಪಾಠ ಹೇಳಿ. ಐಸ್‌ಕ್ರೀಮ್ ಕಡ್ಡಿಯ ತುದಿ ತೋರಿಸಿ, ಕೊಕ್ಕು ತಾಗಿಸಿದ ಕೂಡಲೇ “ಭೇಷ್” ಎಂದು ಅರ್ಧ ಶೇಂಗಾ. ಆಮೇಲೆ ಕಡ್ಡಿ ಹೋದಲ್ಲಿಗೆ ಬರುತ್ತದೆ, ತಕ್ಕಡಿ ಹತ್ತುತ್ತದೆ, ಪ್ರಯಾಣದ ಪೆಟ್ಟಿಗೆಗೂ ತಾನೇ ಹೋಗುತ್ತದೆ. ಗರಿ ಕೀಳುವುದು ಕಂಡಾಗ ಕೂಗಬೇಡಿ, ಅದರ ಹತ್ತಿರ ಓಡಬೇಡಿ. ಕಿತ್ತರೆ ಜನ ಬರುತ್ತಾರೆ ಎಂದು ಅದು ಕಲಿಯುತ್ತದೆ. ಸುಮ್ಮನೆ ಬೇರೆ ಕೆಲಸ ಮಾಡುತ್ತ ಇದ್ದು, ಅದು ಕಾಗದ ಹರಿಯುವಾಗ, ಸೀಟಿ ಹಾಕುವಾಗ ಮಾತಾಡಿಸಿ. ಮುದ್ದು ತಲೆ, ಕುತ್ತಿಗೆಗೆ ಮಾತ್ರ. ಬೆನ್ನು, ರೆಕ್ಕೆಯಡಿ ಸವರಿದರೆ ಬೆದೆಯ ಹಾರ್ಮೋನು ಕೆರಳುತ್ತದೆ, ಗರಿ ಕೀಳುವುದು ಇನ್ನೂ ಜಾಸ್ತಿ.

ಗಿರಾಕಿಗಳು ಸಲಹೆ ಕೊಡುತ್ತಾರೆ: “ಅಕ್ಕಾರ, ಬೇವಿನೆಣ್ಣಿ ಹಚ್ರಿ, ವಾರದಾಗ ಗರಿ ಬರ್ತಾವ.” ಹಚ್ಚಬೇಡಿ. ಎಣ್ಣೆ ಬಿದ್ದ ಗರಿ ಮೈ ಬೆಚ್ಚಗಿಡುವುದಿಲ್ಲ, ಮೇಲಾಗಿ ಹಕ್ಕಿ ಅದನ್ನೆಲ್ಲ ನೆಕ್ಕಿ ನುಂಗುತ್ತದೆ. ಅರಿಸಿನದ ಲೇಪವೂ ಬೇಡ. ಕೊಕ್ಕು ಮೈಗೆ ತಾಗದಂತೆ ಕೊರಳಿಗೆ ಹಾಕುವ ಪಟ್ಟಿ ಚರ್ಮ ಹರಿದುಕೊಳ್ಳುವ ಹಕ್ಕಿಗೆ ಡಾಕ್ಟರು ಹಾಕುವಂಥದ್ದು, ಬೇಸರಕ್ಕೆ ಅದು ಮದ್ದಲ್ಲ.

ಹೊಲಿಗೆಯವರಿಗೆ ಬೇರೆಯಾಗಿ ಹೇಳಬೇಕು. ಝಿಪ್ಪು, ಹುಕ್ಕು, ಪ್ರೆಸ್ ಬಟನ್ನು ಕೊಕ್ಕಿಗೆ ಸಿಗಬಾರದು, ಅವುಗಳಲ್ಲಿ ಸತು ಇರಬಹುದು. ಸತು ಲೇಪದ ಅಗ್ಗದ ತಂತಿ ಪಂಜರವೂ ಅಷ್ಟೇ. ಇಸ್ತ್ರಿಪೆಟ್ಟಿಗೆಗೆ ಹಾಕುವ ಟೆಫ್ಲಾನ್ ಶೂ, ಅಡುಗೆಮನೆಯ ನಾನ್‌ಸ್ಟಿಕ್ ತವೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಹಕ್ಕಿ ಇರುವ ಕೋಣೆಯಲ್ಲಿ ಅದು ಬೇಡವೇ ಬೇಡ. ಊದುಬತ್ತಿ, ಸೊಳ್ಳೆಬತ್ತಿ ದೂರವಿಡಿ.

ಗರಿ ಯಾವಾಗ ಬರುತ್ತದೆ? ಬುಡಸಮೇತ ಕಿತ್ತ ಜಾಗದಲ್ಲಿ ವಾರಗಳಲ್ಲಿ ಕುಡಿ ಕಾಣಬಹುದು. ಕಚ್ಚಿ ತುಂಡಾದದ್ದು ಮುಂದಿನ ಉದುರುವ ಕಾಲದವರೆಗೂ ಹಾಗೇ ಇರುತ್ತದೆ. ವರ್ಷಗಟ್ಟಲೆ ಕಿತ್ತ ಕಡೆ ಗರಿಯ ಬೇರೇ ಸತ್ತಿರಬಹುದು. ಗುಂಡಪ್ಪನ ತೊಡೆ ತುಂಬಿದೆ, ಎದೆಯ ನಡುವೆ ಬೋಳು ಹಾಗೇ ಇದೆ, ಇರಲಿ. ಹೊಸ ಕುಡಿಯಲ್ಲಿ ರಕ್ತ ಹರಿಯುತ್ತಿರುತ್ತದೆ. ಮುರಿದು ರಕ್ತ ಸುರಿದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದು, ನಿಲ್ಲದಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಒಯ್ಯಿರಿ.

ಕೊನೆಗೆ ಕಾಗದಪತ್ರದ ಮಾತು. ಗ್ರೇಯಂಥ, ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವ ವಿದೇಶಿ ಜಾತಿ ಸಾಕಿದವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಹಕ್ಕಿ ಕೈಬದಲಾದರೂ ತಿಳಿಸಬೇಕು. ನಮ್ಮ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ನಿಮ್ಮಲ್ಲಿರುವುದು ಅದೇ ಆದರೆ ಮೇಲಿನದೆಲ್ಲ ಮಾಡುವ ಮೊದಲು ಅರಣ್ಯ ಇಲಾಖೆಗೆ ಒಪ್ಪಿಸಿ. ರೆಕ್ಕೆಯ ಗರಿ ಕಿತ್ತುಕೊಂಡ ಹಕ್ಕಿಯನ್ನು ಪುಣ್ಯ ಬರಲಿ ಎಂದು ಮಾಳಿಗೆಯಿಂದ ಹಾರಿಬಿಟ್ಟರೆ ಕೆಳಗೆ ಬೆಕ್ಕು ಕಾದಿರುತ್ತದೆ.