ಹಳೆಯ ಪವರ್ ವ್ಯಾಗನ್‌ಗೆ ಪಾರ್ಟ್ಸ್ ಹುಡುಕಿದ ನನ್ನ ಅನುಭವ

ಹಳೇ ಟ್ರಕ್‌ಗೆ ಪಾರ್ಟ್ಸ್ ಹುಡುಕುವಾಗ ಗಾಡಿಯ ಹೆಸರು ಹಿಡಿದು ಹೊರಟರೆ ದಾರಿ ಬೇಗ ಮುಗಿಯುತ್ತದೆ. ನನ್ನದು ಅಮೆರಿಕದ ಹಳೇ ಟ್ರಕ್, ಡಾಡ್ಜ್ ಪವರ್ ವ್ಯಾಗನ್. ಆ ಹೆಸರು ಹೇಳಿದ ಕೂಡಲೇ ಕೌಂಟರ್‌ನಲ್ಲಿರುವವರು ಇಲ್ಲ ಅಂತ ತಲೆ ಆಡಿಸುತ್ತಾರೆ. ಅದೇ ಬೇರಿಂಗ್‌ನ ನಂಬರ್ ಹೇಳಿ, ಎರಡೇ ನಿಮಿಷದಲ್ಲಿ ಒಳಗಿನಿಂದ ಪೆಟ್ಟಿಗೆ ಬರುತ್ತದೆ. ಈ ಗಾಡಿ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಹೆಚ್ಚುಕಡಿಮೆ ಇಷ್ಟೇ. ಗಾಡಿಯನ್ನು ಮರೆತು ಪಾರ್ಟನ್ನು ನೋಡಬೇಕು. ಅದರ ಮೇಲೆ ಏನು ನಂಬರ್ ಇದೆ, ಅಳತೆ ಎಷ್ಟು, ಇದೇ ಪಾರ್ಟನ್ನು ಬೇರೆ ಯಾವ ಯಂತ್ರಕ್ಕೆ ಹಾಕಿದ್ದಾರೆ.

ಮೂರನೇ ಪ್ರಶ್ನೆಯೇ ನನಗೆ ಅತಿ ಹೆಚ್ಚು ಪಾರ್ಟ್ಸ್ ಕೊಟ್ಟದ್ದು. ಪವರ್ ವ್ಯಾಗನ್ 1946ರಲ್ಲಿ ಮಾರಾಟಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ಓಡಿದ ಡಾಡ್ಜ್ ಡಬ್ಲ್ಯೂಸಿ ಮಿಲಿಟರಿ ಟ್ರಕ್ಕುಗಳೇ ಅದರ ಮೂಲ. ಆಮೇಲೆ 1951ರಿಂದ ಬಂದ ಎಂ37 ಮಿಲಿಟರಿ ಟ್ರಕ್ ಕೂಡ ಅದೇ ಕುಟುಂಬದ್ದು. ಹಾಗಾಗಿ ಮಿಲಿಟರಿ ಸರಕು ಮಾರುವವರ ಬಳಿ ನಮಗೆ ಬೇಕಾದ್ದು ಬೇಕಾದಷ್ಟು ಸಿಗುತ್ತದೆ. ಆದರೆ ಎಂ37ರದ್ದು 24 ವೋಲ್ಟ್, ಹಳೇ ಪವರ್ ವ್ಯಾಗನ್‌ನದ್ದು 6 ವೋಲ್ಟ್. ಕರೆಂಟ್ ಸಾಮಾನನ್ನು ಮಾತ್ರ ಅಲ್ಲಿಂದ ತರಬೇಡಿ.

ಎಂಜಿನ್ನಿನ ಕಥೆ ಇನ್ನೂ ಚೆನ್ನಾಗಿದೆ. ಇದರ 230 ಘನ ಇಂಚಿನ ಫ್ಲ್ಯಾಟ್‌ಹೆಡ್ (ವಾಲ್ವ್‌ಗಳು ಮೇಲಿನ ಮುಚ್ಚಳದ ಬದಲು ಎಂಜಿನ್ನಿನ ಮೈಯಲ್ಲೇ ಇರುವ) ಆರು ಸಿಲಿಂಡರ್ ಎಂಜಿನ್‌ನ ಬಳಗವನ್ನು ಕ್ರೈಸ್ಲರ್ ಕಂಪನಿ ಕಾರು, ಟ್ರಕ್ಕಿಗೆ ಮಾತ್ರ ಹಾಕಲಿಲ್ಲ. ಫೋರ್ಕ್‌ಲಿಫ್ಟ್, ವೆಲ್ಡಿಂಗ್ ಯಂತ್ರ, ಕೊಯ್ಲಿನ ಯಂತ್ರ, ದೋಣಿ ಎಲ್ಲಕ್ಕೂ ಕೊಟ್ಟಿತು. ನನ್ನ ವಾಲ್ವ್‌ಗಳು ಬಂದದ್ದು ಗುಜರಿಗೆ ಹೋಗಲಿದ್ದ ಒಂದು ವೆಲ್ಡಿಂಗ್ ಯಂತ್ರದಿಂದ. ಟ್ರಕ್ ಪಾರ್ಟ್ಸ್ ಅಂತ ಹುಡುಕಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಇಲ್ಲಿ ಒಂದು ಕಡೆ ಜಾಗ್ರತೆ ಬೇಕು. ಈ ಎಂಜಿನ್ ಬಳಗದಲ್ಲಿ ಎರಡು ಉದ್ದ ಇವೆ. ಒಂದರ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಸುಮಾರು 23 ಇಂಚು, ಇನ್ನೊಂದರದ್ದು ಸುಮಾರು 25. ನೋಡಲು ಅಣ್ಣ ತಮ್ಮಂದಿರ ಹಾಗೆ ಇರುತ್ತವೆ. 230 ಚಿಕ್ಕದು. 1961ರಿಂದ ಪವರ್ ವ್ಯಾಗನ್‌ಗೆ ಬಂದ 251 ದೊಡ್ಡದು. ಹೆಡ್ ಗ್ಯಾಸ್ಕೆಟ್ ಆರ್ಡರ್ ಮಾಡುವ ಮೊದಲು ಟೇಪ್ ಇಟ್ಟು ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಯಾರೋ ಯಾವತ್ತೋ ಎಂಜಿನ್ ಬದಲಿಸಿರುತ್ತಾರೆ, ದಾಖಲೆಯಲ್ಲಿರುವ ವರ್ಷವನ್ನು ನಂಬಿ ಪ್ರಯೋಜನ ಇಲ್ಲ.

ಉದ್ದದ ಮಾತು ಬಂದಾಗ ನೀರಿನ ಕೊಳವೆಯ ವಿಷಯ ಹೇಳಲೇಬೇಕು. ವಾಟರ್ ಪಂಪ್ ಬಿಚ್ಚಿದರೆ ಅದರ ಹಿಂದೆ ಬ್ಲಾಕ್‌ನ (ಎಂಜಿನ್ನಿನ ಎರಕದ ಮೈ) ಒಳಗೆ ಉದ್ದಕ್ಕೂ ಒಂದು ತೆಳು ತಗಡಿನ ಕೊಳವೆ ಇರುತ್ತದೆ. ಅದರಲ್ಲಿರುವ ತೂತುಗಳಿಂದ ತಣ್ಣನೆ ನೀರು ನೇರವಾಗಿ ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ ಹೋಗಬೇಕು. ಕೊಳವೆ ತುಕ್ಕು ತಿಂದರೆ ನೀರು ಮುಂದಿನ ಸಿಲಿಂಡರ್ ಹತ್ತಿರವೇ ಹೊರಳಿಕೊಳ್ಳುತ್ತದೆ, ಹಿಂದಿನವು ಬೇಯುತ್ತವೆ. ರೇಡಿಯೇಟರ್ ಹೊಸದು ಹಾಕಿದರೂ ಎಂಜಿನ್ ಬಿಸಿ ಆಗುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ನನ್ನದು ತುಂಡು ತುಂಡಾಗಿತ್ತು. ತುದಿ ಬಗ್ಗಿಸಿದ ಕಬ್ಬಿಣದ ಸರಳನ್ನು ಒಳಗೆ ತೂರಿಸಿ, ಕೊಕ್ಕೆ ಸಿಕ್ಕಿದಷ್ಟು ಎಳೆದು, ಮತ್ತೆ ಎಣ್ಣೆ ಬಿಟ್ಟು, ಮತ್ತೆ ಎಳೆದು ತೆಗೆಯಬೇಕಾಯಿತು. ಕೊನೆಗೆ ಬಂದದ್ದು ಕೆಂಪು ಪುಡಿ ಮತ್ತು ಹಪ್ಪಳದಂಥ ಚೂರುಗಳು. ಇದನ್ನು ಈಗ ಹಿತ್ತಾಳೆಯಲ್ಲಿ ಹೊಸದಾಗಿ ಮಾಡುವವರಿದ್ದಾರೆ. ಎಂಜಿನ್ ಉದ್ದಕ್ಕೆ ಸರಿಯಾದದ್ದನ್ನು ಕೇಳಿ ತರಿಸಿ. ಹಳೇದನ್ನು ಎಳೆಯುವ ಮೊದಲೇ ತೂತು ಯಾವ ಕಡೆಗಿದೆ ಅಂತ ಟಾರ್ಚ್ ಹಾಕಿ ನೋಡಿಕೊಳ್ಳಿ.

ಬೇರಿಂಗ್ ಮತ್ತು ಆಯಿಲ್ ಸೀಲ್ ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ಬೇರಿಂಗ್‌ನ ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಬೆಳಕನ್ನು ಓರೆಯಾಗಿ ಹಿಡಿಯಿರಿ, ನಂಬರ್ ಎದ್ದು ಕಾಣುತ್ತದೆ. ಟೇಪರ್ ಬೇರಿಂಗ್ ಆದರೆ ಒಳಗಿನದಕ್ಕೂ ಹೊರಗಿನ ಬಳೆಗೂ ಬೇರೆ ಬೇರೆ ನಂಬರ್, ಎರಡನ್ನೂ ಬರೆದುಕೊಳ್ಳಿ. ಸೀಲ್‌ಗೆ ನಂಬರ್ ಸಿಗದಿದ್ದರೂ ಚಿಂತೆ ಇಲ್ಲ. ಶಾಫ್ಟ್‌ನ ವ್ಯಾಸ, ಸೀಲ್ ಕೂರುವ ಬೋರ್‌ನ (ತೂತಿನ) ವ್ಯಾಸ, ಸೀಲ್‌ನ ದಪ್ಪ, ಈ ಮೂರು ಅಳತೆ ಸಾಕು. ಅಳೆಯಬೇಕಾದ್ದು ಶಾಫ್ಟ್ ಮತ್ತು ಬೋರನ್ನು, ಸೊಟ್ಟಗಾದ ಹಳೇ ಸೀಲನ್ನಲ್ಲ. ಆ ಕಾಲದ ಸೀಲ್‌ಗಳಲ್ಲಿ ಚರ್ಮ ಇರುತ್ತಿತ್ತು. ಅದೇ ಅಳತೆಯ ಇವತ್ತಿನ ರಬ್ಬರ್ ಸೀಲ್ ಅದಕ್ಕಿಂತ ಚೆನ್ನಾಗಿ ಎಣ್ಣೆ ತಡೆಯುತ್ತದೆ. ಶಾಫ್ಟ್ ಮೇಲೆ ಸೀಲ್ ಉಜ್ಜಿ ಗೀರು ಬಿದ್ದಿದ್ದರೆ ಮೇಲೆ ತೆಳುವಾದ ಸ್ಟೀಲ್ ಸ್ಲೀವ್ ತೊಡಿಸಬಹುದು.

ತಯಾರಾದ ಕಾಲದ ಪೆಟ್ಟಿಗೆಯಲ್ಲೇ ಬಳಸದೆ ಉಳಿದ ಪಾರ್ಟ್ ಸಿಕ್ಕಾಗ ಆಗುವ ಖುಷಿ ನನಗೂ ಗೊತ್ತು. ಗೇರ್, ಶಾಫ್ಟ್, ಲೋಹದ ಸಾಮಾನು ಆದರೆ ಕಣ್ಣು ಮುಚ್ಚಿ ತಗೊಳ್ಳಿ. ರಬ್ಬರ್ ಆದರೆ ಬೇಡವೇ ಬೇಡ. ಬ್ರೇಕ್ ಹೋಸ್, ವೀಲ್ ಸಿಲಿಂಡರ್‌ನ (ಚಕ್ರದ ಬ್ರೇಕ್ ಒತ್ತುವ ಭಾಗ) ಕಪ್, ಪೆಟ್ರೋಲ್ ಪಂಪಿನ ಡಯಾಫ್ರಮ್ ಇವೆಲ್ಲ ಪೆಟ್ಟಿಗೆಯಲ್ಲಿ ಕೂತೇ ಮುಪ್ಪಾಗುತ್ತವೆ. ಇದು ಜೀವದ ಪ್ರಶ್ನೆ. ಹಳೇ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಹೊಸ ಲೈನಿಂಗ್ ಕೂರಿಸಿಕೊಡುವವರಿಗೆ ಹಳೇ ಬ್ರೇಕ್ ಶೂಗಳನ್ನು ಕೊಡಿ. ಆ ಧೂಳಿಗೆ ಮಾತ್ರ ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ವೀಲ್ ಸಿಲಿಂಡರ್‌ನ ಒಳಗೆ ಗುಳಿ ಬಿದ್ದಿದ್ದರೂ ಎಸೆಯಬೇಡಿ. ಬೋರ್ ಕೊರೆಸಿ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ಸ್ಲೀವ್ ಕೂರಿಸಿದರೆ ಹೊಸ ರಬ್ಬರ್ ಕಪ್‌ಗಳೊಂದಿಗೆ ಮತ್ತೆ ಕೆಲಸಕ್ಕೆ ಬರುತ್ತದೆ.

ಥರ್ಮೋಸ್ಟಾಟ್ ಮುಚ್ಚಳ ಎಲ್ಲೂ ಸಿಗಲಿಲ್ಲ, ಎರಕ ಹಾಕಿಸಿದೆ. ಹಳೇದನ್ನೇ ಅಚ್ಚಾಗಿ ಕೊಟ್ಟರೆ ಹೊಸದು ಚಿಕ್ಕದಾಗುತ್ತದೆ, ಏಕೆಂದರೆ ಎರಕದ ಕಬ್ಬಿಣ ಆರುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ. ಆದ್ದರಿಂದ ಮರದಲ್ಲಿ ಅಷ್ಟು ದೊಡ್ಡ ಅಚ್ಚು ಮಾಡಿಸಿ, ಗ್ಯಾಸ್ಕೆಟ್ ಕೂರುವ ಮುಖಕ್ಕೆ ಲೇತ್‌ನಲ್ಲಿ ಕೆತ್ತಲು ಇನ್ನೂ ಒಂದೆರಡು ಮಿಲಿಮೀಟರ್ ಬಿಟ್ಟೆ. ಬೋಲ್ಟ್ ತೂತುಗಳನ್ನು ಎರಕದಲ್ಲಿ ತರಲು ಹೋಗಲಿಲ್ಲ, ಆಮೇಲೆ ಕೊರೆಸಿದೆ. ಮರದ ಅಚ್ಚು ಇನ್ನೂ ನನ್ನ ಹತ್ತಿರ ಇದೆ, ಇದೇ ಎಂಜಿನ್ ಇರುವವರು ಕೇಳಿದರೆ ಕೊಡುತ್ತೇನೆ.

ಚಕ್ರದ ನಟ್ ತರಿಸುವಾಗ ಇನ್ನೊಂದು ವಿಷಯ. ಈ ಗಾಡಿಯ ಎಡಗಡೆಯ ಚಕ್ರಗಳಿಗೆ ಎಡ ಥ್ರೆಡ್, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ನಟ್ ಕೂರುವ ಸ್ಟಡ್‌ನ ತುದಿಯಲ್ಲಿ ‘ಎಲ್’ ಗುರುತು ಇದೆಯಾ ನೋಡಿ. ಆರ್ಡರ್ ಬರೆಯುವಾಗ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಯಿರಿ.